ಕಾಸಿಲ್ಲದ ದಾರಿ ಎಲ್ಲಿ ಹೋಯಿತು?

"ವಕೀಲರೇ, ಇಷ್ಟು ವರ್ಷ ಕಾಸು ಕೊಡದೆ ಹೋದ ದಾರಿ ಅಲ್ವಾ ಇದು? ಆ ಹಳೇ ರೋಡು ಎಲ್ಲಿ ಹೋಯಿತು?" ಬಂದ್ಯೋಡು ಕಡೆಯ ಅಡಿಕೆ ಕೃಷಿಕರೊಬ್ಬರ ಪ್ರಶ್ನೆ. ಹೈವೇಯಲ್ಲಿ ಕಾಸರಗೋಡಿಗೆ ಹೋಗಬೇಕಾದರೆ ಅವರಿಗೆ ಆರಿಕ್ಕಾಡಿಯ ಟೋಲ್ ಅಡ್ಡ ಬರುತ್ತದೆ.

ಅಮೆರಿಕದ ಫೆಡರಲ್ ಕಾನೂನಿನಲ್ಲಿ ಇದಕ್ಕೆ ಉತ್ತರ ಉಂಟು: ಇದ್ದ ಹೆದ್ದಾರಿಗೆ ಪಥ ಸೇರಿಸಿ ಟೋಲ್ ರಸ್ತೆ ಮಾಡುವಾಗ, ಪುಕ್ಕಟೆ ಪಥಗಳ ಸಂಖ್ಯೆ ಮೊದಲಿಗಿಂತ ಕಡಿಮೆಯಾಗಬಾರದು. ವಿನಾಯಿತಿಗಳಿವೆ, ಆದರೆ ತತ್ವ ಅದು. ನಮ್ಮ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಾಗಲಿ 2008ರ ಶುಲ್ಕ ನಿಯಮಗಳಲ್ಲಾಗಲಿ ಅಂಥ ಮಾತಿಲ್ಲ. ಹಳೇ ರೋಡು ಹೊಸ ಆರು ಪಥದೊಳಗೆ ಕರಗಿ ಹೋಯಿತು, ಅಷ್ಟೇ.

ನಮ್ಮ ನಿಯಮದಲ್ಲಿರುವುದು 'ಸರ್ವಿಸ್ ರಸ್ತೆ (ಹೈವೇ ಪಕ್ಕದ ಸಣ್ಣ ರಸ್ತೆ) ಅಥವಾ ಬದಲಿ ರಸ್ತೆ' ಎಂಬ ಮಾತು. ಜನ ಇದನ್ನು ತಮ್ಮ ಪರ ಎಂದುಕೊಳ್ಳುತ್ತಾರೆ. ಓದಿ ನೋಡಿದರೆ ಎರಡಲಗಿನ ಕತ್ತಿ. ಟೋಲ್ ಪ್ಲಾಝಾದಿಂದ 20 ಕಿ.ಮೀ. ಒಳಗೆ ವಾಸವಿರುವವರ ಸ್ವಂತ ವಾಹನಕ್ಕೆ ಮಾಸಿಕ ಪಾಸ್ ಸಿಗುತ್ತದೆ. 2007-08ರ ಮೂಲದರ 150 ರೂಪಾಯಿ, ವರ್ಷವರ್ಷ ಏರುತ್ತದೆ. ಆದರೆ ಬಳಸಲು ಸರ್ವಿಸ್ ರಸ್ತೆ ಇದ್ದರೆ ಪಾಸ್ ಇಲ್ಲ! ಬೈಕಿಗೆ ಟೋಲ್ ಇಲ್ಲ ನಿಜ. ಸರ್ವಿಸ್ ರಸ್ತೆ ಇದ್ದೂ ಹೈವೇ ಹತ್ತಿದರೆ ಕಾರಿನ ಅರ್ಧ ಶುಲ್ಕ. ಆಟೋ, ಟ್ರ್ಯಾಕ್ಟರುಗಳಿಗಂತೂ ಆಗ ಹೈವೇಯಲ್ಲಿ ಪ್ರವೇಶವೇ ಇಲ್ಲ.

ಆ ಕೃಷಿಕರು ತಂದ ಮನವಿಯಲ್ಲಿ ಎರಡು ಬೇಡಿಕೆ ಒಟ್ಟಿಗಿದ್ದವು: ಪ್ಲಾಝಾ ದಾಟುವ ಸರ್ವಿಸ್ ರೋಡು ಬೇಕು, ಪಾಸೂ ಬೇಕು. ಒಂದು ಸಿಕ್ಕಿದರೆ ಇನ್ನೊಂದು ಕೈತಪ್ಪುತ್ತದೆ ಎಂದಾಗ, "ಇದೊಳ್ಳೆ ಕತೆಯಾಯ್ತಲ್ಲ ಮಾರಾಯ್ರೆ" ಎಂದು ನಕ್ಕರು.

ಒಂದೇ ಹೆದ್ದಾರಿಯಲ್ಲಿ ಒಂದೇ ದಿಕ್ಕಿಗೆ 60 ಕಿ.ಮೀ. ಒಳಗೆ ಇನ್ನೊಂದು ಪ್ಲಾಝಾ ಇರಬಾರದು ಎಂಬ ನಿಯಮದ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಆರಿಕ್ಕಾಡಿಯಿಂದ ತಲಪಾಡಿಯ ಟೋಲ್ ಅದರ ಅರ್ಧದಷ್ಟು ದೂರವೂ ಇಲ್ಲ. ಆದರೆ ಕಾರಣವನ್ನು ಲಿಖಿತವಾಗಿ ದಾಖಲಿಸಿ ಹತ್ತಿರದಲ್ಲೇ ಇನ್ನೊಂದು ಪ್ಲಾಝಾ ಹಾಕಲು ಅದೇ ನಿಯಮ ಬಿಡುತ್ತದೆ. ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಮೊದಲು ಕೇಳಬೇಕಾದ್ದು ಆ ಲಿಖಿತ ಕಾರಣದ ಪ್ರತಿ. ಘೋಷಣೆ ಕೂಗುವುದು ಆಮೇಲೆ.

ಆ ಕೃಷಿಕರಿಗೆ ಒಂದು ಕೆಲಸ ಕೊಟ್ಟಿದ್ದೇನೆ. ಮನೆಯಿಂದ ಪ್ಲಾಝಾದ ಆಚೆ ತನಕ ಸರ್ವಿಸ್ ರೋಡಿನಲ್ಲೇ ಬೈಕು ಓಡಿಸಬೇಕು. ಸೇತುವೆಯ ಬಳಿಯೋ ಇನ್ನೆಲ್ಲೋ ಹೈವೇ ಹತ್ತಲೇಬೇಕಾಗಿ ಬಂದರೆ, ಅಲ್ಲೇ ನಿಂತು ಫೋಟೋ ತೆಗೆಯಬೇಕು. ಬಳಸಲು ಸರ್ವಿಸ್ ರೋಡು ಇಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಪಾಸಿನ ಅರ್ಜಿಗೆ ಆ ಫೋಟೋವನ್ನೇ ಲಗತ್ತಿಸುತ್ತೇವೆ.