ಪಿತ್ತದ ಗಂಧೆ: ರಕ್ತದ ರಿಪೋರ್ಟಿನಲ್ಲಿ ಏನು ಹುಡುಕಬೇಕು?

ಪಿತ್ತದ ಗಂಧೆ ಆರು ವಾರ ದಾಟಿದರೂ ಏಳುತ್ತಲೇ ಇದ್ದರೆ ಡಾಕ್ಟರು ಅದನ್ನು ದೀರ್ಘಕಾಲದ ಅರ್ಟಿಕೇರಿಯಾ ಅನ್ನುತ್ತಾರೆ. ರೋಗಿಯ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ, ಯಾವುದರ ಅಲರ್ಜಿ ಇದು? ತಿಂದಿದ್ದರ ಮೇಲೆಲ್ಲ ಅನುಮಾನ. ಅಲರ್ಜಿ ಪ್ಯಾನೆಲ್‌ಗೆ ರಕ್ತ ಕೊಟ್ಟು, ರಿಪೋರ್ಟಿನಲ್ಲಿ ಇದ್ದಿದ್ದನ್ನೆಲ್ಲ ಊಟದಿಂದ ತೆಗೆದುಹಾಕಿದರೂ ಗಂಧೆ ಸುಮ್ಮನಾಗುವುದಿಲ್ಲ, ಯಾಕೆಂದರೆ ಬಹುತೇಕರಲ್ಲಿ ಕಾರಣ ಹೊರಗೆ ಇರುವುದೇ ಇಲ್ಲ.

ಇದರ ಸುಳಿವು ಸಿಕ್ಕಿದ್ದು 1980ರ ದಶಕದಲ್ಲಿ. ಇಂಥ ಕೆಲವರ ರಕ್ತದಲ್ಲಿ ತಮ್ಮದೇ ಥೈರಾಯ್ಡ್ ಗ್ರಂಥಿಯ ವಿರುದ್ಧದ ಪ್ರತಿಕಾಯಗಳಿವೆ (ಸೋಂಕಿನ ವಿರುದ್ಧ ಹೋರಾಡಲು ದೇಹ ಮಾಡುವ ಪ್ರೋಟೀನ್‌ಗಳು ಇವು) ಅಂತ 1983ರಲ್ಲಿ ಗೊತ್ತಾಯಿತು. 1986ರಲ್ಲಿ ಬ್ರಿಟನ್ನಿನ ಕ್ಲೈವ್ ಗ್ರಟ್ಟನ್ ತಂಡ ರೋಗಿಯದೇ ಸೀರಮ್ಮನ್ನು, ಅಂದರೆ ರಕ್ತಕಣ ತೆಗೆದ ತಿಳಿದ್ರವವನ್ನು, ಅವರದೇ ಚರ್ಮಕ್ಕೆ ಚುಚ್ಚಿತು. ಕೆಲವರಿಗೆ ಅಲ್ಲೇ ಗಂಧೆ ಎದ್ದಿತು! 1993ರಲ್ಲಿ ಮಿಚಿಹಿರೋ ಹಿಡೆ, ಮಾಲ್ಕಮ್ ಗ್ರೀವ್ಸ್ ಮತ್ತು ಜೊತೆಗಾರರು ಕಾರಣ ತೋರಿಸಿದರು. ಚರ್ಮದಲ್ಲಿರುವ ಮಾಸ್ಟ್ ಕೋಶದ ಮೇಲೆ ಐಜಿಇ ಅನ್ನುವ ಅಲರ್ಜಿಯ ಪ್ರತಿಕಾಯ ಕೂರುವ ಜಾಗವಿದೆಯಲ್ಲ, ಅದಕ್ಕೇ ದೇಹದ ಸ್ವಂತ ಐಜಿಜಿ ಅನ್ನುವ ಇನ್ನೊಂದು ಬಗೆಯ ಪ್ರತಿಕಾಯ ಹೋಗಿ ಅಂಟಿಕೊಂಡು, ತುರಿಕೆ, ಊತ ತರುವ ಹಿಸ್ಟಮಿನ್ ಅನ್ನು ಕೋಶದಿಂದ ಸುರಿಸುತ್ತಿತ್ತು.

ಅಷ್ಟು ತಿಳಿದರೂ ರೋಗಿಗೆ ಸಿಗುತ್ತಿದ್ದುದು ಅದೇ ಆಂಟಿಹಿಸ್ಟಮಿನ್ ಮಾತ್ರೆ. ಸಾಲದಿದ್ದರೆ ನಾಲ್ಕು ಪಟ್ಟು ಡೋಸ್.

ಆಟ ಬದಲಾಗಿದ್ದು ಒಮಾಲಿಜುಮ್ಯಾಬ್ ಬಂದಮೇಲೆ. 2003ರಲ್ಲಿ ಅಮೆರಿಕದಲ್ಲಿ ಆಸ್ತಮಾಗೆ ಒಪ್ಪಿಗೆ ಪಡೆದ ಈ ಇಂಜೆಕ್ಷನ್‌ಗೆ 2014ರಲ್ಲಿ ಗಂಧೆಗೂ ಒಪ್ಪಿಗೆ ಸಿಕ್ಕಿತು. ಇದು ರಕ್ತದ ಐಜಿಇಯನ್ನು ಹಿಡಿದು ಕಟ್ಟಿಹಾಕುತ್ತದೆ. ಕೆಲವರಿಗೆ ವಾರದೊಳಗೇ ಚರ್ಮ ತಿಳಿಯಾಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು, ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ದುಬಾರಿ ಮದ್ದು ಬೇರೆ. ಯಾರಿಗೆ ಕೆಲಸ ಮಾಡುತ್ತೆ ಅಂತ ಮೊದಲೇ ಗೊತ್ತಾದರೆ ಒಳ್ಳೆಯದು, ಅಲ್ವಾ?

ಉತ್ತರದ ದೊಡ್ಡ ಪಾಲು ಒಟ್ಟು ಐಜಿಇ ಅನ್ನೋ ಹಳೇ, ಸಾಮಾನ್ಯ ಪರೀಕ್ಷೆಯಲ್ಲೇ ಇತ್ತು. ಮದ್ದಿಗೆ ಮುಂಚೆ ಅದು ತುಂಬಾ ಕಡಿಮೆ ಇದ್ದರೆ ಒಮಾಲಿಜುಮ್ಯಾಬ್ ಫಲಿಸುವ ಸಾಧ್ಯತೆಯೂ ಕಡಿಮೆ. ಮೊದಲ ಡೋಸಿನ ನಾಲ್ಕು ವಾರದ ನಂತರ ಅದು ಎರಡು ಪಟ್ಟಾದರೂ ಏರಿದ್ದರೆ ಶುಭಸೂಚನೆ. ಐಜಿಇ ಹಿಡಿಯುವ ಮದ್ದು ಕೊಟ್ಟರೆ ಐಜಿಇ ಏರುವುದೇ? ಹೌದು. ಮದ್ದಿಗೆ ಅಂಟಿಕೊಂಡ ಐಜಿಇ ರಕ್ತದಿಂದ ನಿಧಾನವಾಗಿ ಹೊರಹೋಗುತ್ತದೆ, ಪರೀಕ್ಷೆ ಅದನ್ನೂ ಸೇರಿಸಿ ಎಣಿಸುತ್ತದೆ.

ಐಜಿಇ ಕಡಿಮೆ ಇದ್ದು, ಥೈರಾಯ್ಡಿನ ಟಿಪಿಒ ಅನ್ನುವ ಕಿಣ್ವದ ವಿರುದ್ಧದ ಪ್ರತಿಕಾಯ ಜಾಸ್ತಿ ಇದ್ದರೆ 1993ರಲ್ಲಿ ಕಂಡ ಆ ಐಜಿಜಿ ಬಗೆಯ ಗಂಧೆ ಇರಬಹುದು. ಇವರಲ್ಲಿ ಬೇಸೋಫಿಲ್, ಇಯೋಸಿನೋಫಿಲ್ ಅನ್ನುವ ಬಿಳಿ ರಕ್ತಕಣಗಳೂ ಕಡಿಮೆ ಇರುವುದುಂಟು. ಒಮಾಲಿಜುಮ್ಯಾಬ್ ಇವರಿಗೆ ನಿಧಾನ, ಆದರೆ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಸೈಕ್ಲೋಸ್ಪೋರಿನ್ ಮದ್ದಿಗೆ ಒಗ್ಗುವವರು ಇವರಲ್ಲೇ ಜಾಸ್ತಿ. ರಕ್ತ ಹೆಪ್ಪುಗಟ್ಟುವಿಕೆಯ ಗುರುತಾದ ಡಿ-ಡೈಮರ್, ಉರಿಯೂತದ ಗುರುತಾದ ಸಿಆರ್‌ಪಿ ಏರಿದ್ದರೆ ಆಂಟಿಹಿಸ್ಟಮಿನ್ ಸಾಲದೆ ಹೋಗಬಹುದು ಅನ್ನುತ್ತಾರೆ. ನನಗೆ ಇವೆರಡರ ಮೇಲೆ ಅಷ್ಟು ಭರವಸೆಯಿಲ್ಲ, ಬೇರೆ ಸೋಂಕಿಗೂ ಅವು ಏರುತ್ತವೆ.

2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ತಜ್ಞರ ಬಳಿ ಹೋದವರಿಗೆ ಒಟ್ಟು ಐಜಿಇ ಮತ್ತು ಟಿಪಿಒ ಪ್ರತಿಕಾಯ ನೋಡಿ ಅನ್ನುತ್ತದೆ. ಆದರೆ ಐಜಿಇ ಕಡಿಮೆ ಬಂತು ಅಂತ ಇಂಜೆಕ್ಷನ್ನೇ ಬೇಡ ಅನ್ನುವಂತಿಲ್ಲ. ಅಂಥವರಲ್ಲೂ ಕೆಲವರಿಗೆ ಅದು ಹಿಡಿಯುತ್ತದೆ, ಆರು ತಿಂಗಳವರೆಗೆ ಕಾದು ನೋಡುವುದು ರೂಢಿ. 2025ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೆಮಿಬ್ರುಟಿನಿಬ್ ಮಾತ್ರೆ ಬೇರೆ ದಾರಿ ಹಿಡಿದಿದೆ. ಅದು ಮಾಸ್ಟ್ ಕೋಶದ ಒಳಗಿನ ಬಿಟಿಕೆ ಅನ್ನುವ ಕಿಣ್ವವನ್ನೇ ತಡೆಯುತ್ತದೆ. ಕೋಶವನ್ನು ಕೆಣಕಿದ್ದು ಐಜಿಇ ಆಗಿರಲಿ, ಐಜಿಜಿ ಆಗಿರಲಿ, ಸಂಕೇತ ಆ ಕಿಣ್ವದ ಮೂಲಕವೇ ಹೋಗಬೇಕು.