ಗಂಡುಬೀರಿ ಮತ್ತು ಹೆಂಡತಿಯ ಗುಲಾಮ

ನಾಲ್ಕು ಮಡಿಕೆ ಮಾಡಿದ ಪತ್ರವೊಂದನ್ನು ಆಕೆ ನನ್ನ ಮೇಜಿನ ಮೇಲೆ ಬಿಡಿಸಿಟ್ಟರು. ಕಚೇರಿಯ ವಾರ್ಷಿಕ ಮೌಲ್ಯಮಾಪನ. ಕೆಲಸ, ಗಡುವು, ತಂಡದ ನಿರ್ವಹಣೆ ಎಲ್ಲದಕ್ಕೂ ಒಳ್ಳೆಯ ಅಂಕ. ಕೊನೆಯ ಸಾಲಿಗೆ ಮಾತ್ರ ಆಕೆಯೇ ಪೆನ್ಸಿಲ್‌ನಲ್ಲಿ ಅಡಿಗೆರೆ ಎಳೆದಿದ್ದರು: ‘ಸ್ವಭಾವ ಇನ್ನಷ್ಟು ಮೃದುವಾಗಬೇಕು.’

“ನಾನು ನಿಜಕ್ಕೂ ಅಷ್ಟು ಒರಟೇ, ಮೇಡಂ?”

ಆಪ್ತ ಸಮಾಲೋಚಕಿಯಾಗಿ ಈ ಪ್ರಶ್ನೆಯನ್ನು ನಾನು ಮತ್ತೆ ಮತ್ತೆ ಕೇಳಿದ್ದೇನೆ. ಪ್ರಶ್ನೆ ಹಳೆಯದೂ ಹೌದು. 1982ರಲ್ಲಿ ಅಮೆರಿಕದ ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧನಾ ಸಂಸ್ಥೆಯ ಪಾಲುದಾರಿಕೆಗೆ ಸೂಚಿಸಲಾದ 88 ಮಂದಿಯಲ್ಲಿ ಆನ್ ಹಾಪ್ಕಿನ್ಸ್ ಒಬ್ಬರೇ ಮಹಿಳೆ. ಅವರ ಸಾಮರ್ಥ್ಯವನ್ನು ಮೆಚ್ಚಿಯೂ ನಿರ್ಧಾರವನ್ನು ಮುಂದೂಡಿದರು. ನಡಿಗೆ, ಮಾತು, ಉಡುಪಿನಲ್ಲಿ ಹೆಣ್ತನ ಹೆಚ್ಚಲಿ, ಆಭರಣ ತೊಡಿ ಎಂಬ ಸಲಹೆ ಬಂತು. ಅವರು ನ್ಯಾಯಾಲಯಕ್ಕೆ ಹೋದರು. ಹೀಗೆ ಅಚ್ಚಿಗೆ ಹಾಕಿ ಅಳೆಯುವುದೂ ಲಿಂಗ ತಾರತಮ್ಯವೇ ಎಂಬುದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1989ರಲ್ಲಿ ಒಪ್ಪಿತು.

ತೀರ್ಪು ಬಂದರೂ ನಮ್ಮ ಕಣ್ಣು ಬದಲಾಗಲಿಲ್ಲ. ವಿಕ್ಟೋರಿಯಾ ಬ್ರೆಸ್ಕೋಲ್ ಮತ್ತು ಎರಿಕ್ ಉಲ್ಮನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸದ ವಿಷಯದಲ್ಲಿ ಸಿಟ್ಟಾದ ಗಂಡಸಿಗಿಂತ ಸಿಟ್ಟಾದ ಹೆಂಗಸಿಗೆ ಜನ ಕಡಿಮೆ ಸ್ಥಾನಮಾನ ಕೊಟ್ಟರು. ಅವನ ಸಿಟ್ಟಿಗೆ ಸಂದರ್ಭ ಕಾರಣವಾಯಿತು, ಅವಳ ಸಿಟ್ಟು ಅವಳ ಗುಣವಾಯಿತು. ನನ್ನನ್ನು ಹೆಚ್ಚು ಕಾಡುವುದು ಇದೇ. ‘ಗಂಡುಬೀರಿ’ ಎನ್ನುವವರಿಗೆ ತಾವು ಪೂರ್ವಗ್ರಹದಿಂದ ಮಾತನಾಡುತ್ತಿದ್ದೇವೆ ಎನಿಸುವುದಿಲ್ಲ, ಕಂಡದ್ದನ್ನು ಕಂಡಂತೆ ಹೇಳಿದೆವು ಎಂದೇ ನಂಬಿರುತ್ತಾರೆ.

ಗಂಡಸರ ಪಾಡು ಬೇರೆ. ಹೆಂಡತಿ ದುಡಿಯುತ್ತಿರುವಾಗ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದವರೊಬ್ಬರು ನನ್ನಲ್ಲಿಗೆ ಬರುತ್ತಿದ್ದರು. ಫೋನ್ ಬಂದರೆ ಮಗುವಿನ ಅಳು ಕೇಳಿಸದಿರಲೆಂದು ಬಾಲ್ಕನಿಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರಂತೆ. “ಕೆಲಸ ಸಿಕ್ಕಿತೇ?” ಎಂದು ಎಲ್ಲರೂ ಕೇಳುತ್ತಾರೆ, ಆದರೆ ಅವರು ಕೆಲಸ ಹುಡುಕುತ್ತಲೇ ಇರಲಿಲ್ಲ. ಎದೆಗವುಚಿಕೊಂಡ ಮಗು ನಿದ್ದೆಹೋಗುವ ಗಳಿಗೆಯ ಬಗ್ಗೆ ಹೇಳುವಾಗ ಅವರ ಮುಖ ಅರಳುತ್ತಿತ್ತು. ಆ ಸಂತೋಷವನ್ನು ಅವರು ಕದ್ದ ಮಾಲಿನಂತೆ ಬಚ್ಚಿಡಬೇಕಿತ್ತು.

ಗಡಿ ದಾಟಿದ ಹೆಂಗಸು ಕೆಟ್ಟವಳಾಗುತ್ತಾಳೆ, ಗಂಡಸು ಕೈಲಾಗದವನಾಗುತ್ತಾನೆ. ಅವಳು ಕಳೆದುಕೊಳ್ಳುವುದು ಜನರ ಪ್ರೀತಿಯನ್ನು, ಅವನು ಗೌರವವನ್ನು. ಅಧಿಕಾರವನ್ನು ಮೇಲು, ಆರೈಕೆಯನ್ನು ಕೀಳು ಎಂದು ಎಣಿಸುವುದರಿಂದಲೇ ಹೀಗೆ: ಅವಳು ಮೇಲಕ್ಕೆ ಹತ್ತಿ ಸೊಕ್ಕಿದವಳು, ಅವನು ಕೆಳಗಿಳಿದು ಸೋತವನು.

ಆ ಪತ್ರದ ವಿಷಯಕ್ಕೆ ಬರುತ್ತೇನೆ. ‘ಸ್ವಭಾವ’ ಎಂಬ ಪದದ ಪಕ್ಕದಲ್ಲಿ ಮೂರು ಪ್ರಶ್ನೆ ಬರೆದುಕೊಟ್ಟೆ: ಯಾವ ದಿನ, ಯಾರೊಂದಿಗೆ, ಏನು ನಡೆದಾಗ? ಆಕೆ ಅದನ್ನು ಮೇಲಧಿಕಾರಿಯ ಮುಂದಿಟ್ಟರು. ಅವರು ಬಹಳ ಹೊತ್ತು ಯೋಚಿಸಿ ನೆನಪಿಸಿಕೊಂಡದ್ದು ಒಂದೇ ಘಟನೆ. ಸಭೆಯಲ್ಲಿ ಸಹೋದ್ಯೋಗಿಯೊಬ್ಬರು ಮೂರನೆಯ ಬಾರಿ ನಡುವೆ ಬಾಯಿ ಹಾಕಿದಾಗ ಆಕೆ, “ನನ್ನ ಮಾತು ಇನ್ನೂ ಮುಗಿದಿಲ್ಲ” ಎಂದಿದ್ದರು.