ಲಾಂಗ್ವಾ ಊರಿನವರಿಗೆ ಎರಡು ದೇಶದ ಪೌರತ್ವ ಇದೆಯಾ?

ಇಲ್ಲ. ಎಷ್ಟು ಸಲ ಹೇಳಿದರೂ ಇದೇ ಪ್ರಶ್ನೆ ಬರುತ್ತದೆ, ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತಿದ್ದೇನೆ.

ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ಲಾಂಗ್ವಾದಲ್ಲಿ ಮ್ಯಾನ್ಮಾರ್ ಗಡಿ ಊರೊಳಗೇ ಹಾದುಹೋಗುತ್ತದೆ. ಕೊನ್ಯಾಕ್ ಜನರ ಮುಖ್ಯಸ್ಥ, ಅಂದರೆ ಅಂಘ್, ಅವರ ಮನೆಯನ್ನೂ ಸೀಳಿಕೊಂಡು. ಗೋಡೆ ತುಂಬ ಪ್ರಾಣಿಗಳ ಕೊಂಬು, ಬುರುಡೆ ಇರುವ ಆ ಉದ್ದನೆಯ ಮನೆಯ ರೀಲ್ಸ್ ನೀವೂ ನೋಡಿರುತ್ತೀರಿ. 'ಊಟ ಅಲ್ಲಿ, ನಿದ್ದೆ ಇಲ್ಲಿ' ಅಂತ. ಮನೆ ಎರಡೂ ಕಡೆ ಇರುವುದು ನಿಜ. ಅದರಿಂದ ಜನರೂ ಎರಡೂ ದೇಶದ ಪೌರರು ಅಂತ ಯಾರೋ ಒಬ್ಬರು ಬರೆದರು, ಮಿಕ್ಕವರು ಸುಮ್ನೆ ಕಾಪಿ ಹೊಡೆದರು.

ಸಂವಿಧಾನದ 9ನೇ ವಿಧಿ, 1955ರ ಪೌರತ್ವ ಕಾಯ್ದೆ ಎರಡೂ ಹೇಳುವುದು ಒಂದೇ: ತಾನಾಗಿ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪೌರರಾಗಿ ಉಳಿಯುವುದಿಲ್ಲ. ಅಮೆರಿಕದ ಪಾಸ್‌ಪೋರ್ಟ್ ತಗೊಂಡ ನಿಮ್ಮ ಭಾವನನ್ನೇ ಕೇಳಿ, ಇಲ್ಲಿಯದನ್ನು ಒಪ್ಪಿಸಿ ಓಸಿಐ ಕಾರ್ಡ್, ಅಂದರೆ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್, ಮಾಡಿಸಿರುತ್ತಾರೆ. ಆ ಕಾರ್ಡ್ ಇದ್ದರೂ ಇಲ್ಲಿ ವೋಟ್ ಹಾಕುವ ಹಾಗಿಲ್ಲ. ಲಾಂಗ್ವಾಕ್ಕೆ ಬೇರೆ ಕಾನೂನು ಇಲ್ಲ.

ಹಾಗಾದರೆ ಅವರಿಗೆ ಇದ್ದದ್ದೇನು? ಓಡಾಡುವ ಅವಕಾಶ. ಹೊಲ ಆ ಕಡೆ, ನೆಂಟರು ಆ ಕಡೆ, ಆದ್ದರಿಂದ ಗಡಿ ಪಕ್ಕದ ಜನ 16 ಕಿ.ಮೀ.ವರೆಗೆ ವೀಸಾ ಇಲ್ಲದೆ ಹೋಗಿಬರಬಹುದಿತ್ತು. ಪಕ್ಕದ ಮನೆ ಬಾವಿಯಲ್ಲಿ ನೀರು ಸೇದಿದ ಮಾತ್ರಕ್ಕೆ ಆ ಮನೆ ಖಾತೆ ನಿಮ್ಮ ಹೆಸರಿಗೆ ಆಗುತ್ತಾ? 2024ರ ಫೆಬ್ರವರಿಯಲ್ಲಿ ಕೇಂದ್ರ ಇದನ್ನೂ ರದ್ದು ಮಾಡುತ್ತೇವೆ ಅಂದಿತು, ವರ್ಷದ ಕೊನೆಗೆ 10 ಕಿ.ಮೀ.ಗೆ ಇಳಿಸಿ ಪಾಸ್ ಬೇಕು ಅಂತ ಮಾಡಿತು. ಎರಡೂ ಕಡೆಯ ಪೌರರಾಗಿದ್ದರೆ ಪಾಸ್ ಯಾಕೆ ಬೇಕಿತ್ತು, ನೀವೇ ಹೇಳಿ.

ನನಗೆ ಇದಕ್ಕಿಂತ ಜಾಸ್ತಿ ಕುತೂಹಲದ ಪ್ರಶ್ನೆ ಇನ್ನೊಂದಿದೆ, ಅದನ್ನು ಯಾರೂ ಕೇಳುವುದಿಲ್ಲ: ಅಷ್ಟು ಕಾಡು ಬಿಟ್ಟು ಗಡಿ ಮನೆ ಮೇಲೇ ಯಾಕೆ ಬಂತು? ಕೊನ್ಯಾಕರು ಊರು ಕಟ್ಟುತ್ತಿದ್ದದ್ದು ಬೆಟ್ಟದ ನೆತ್ತಿಯಲ್ಲಿ. ತಲೆ ಕಡಿಯುವ ಕಾಳಗಗಳ ಕಾಲ ಅದು, ಶತ್ರು ಬರುವುದು ದೂರದಿಂದಲೇ ಕಾಣಬೇಕಿತ್ತು. ಈ ಭಾಗದಲ್ಲಿ ಗಡಿಯೂ ನೆತ್ತಿ ಹಿಡಿದೇ ಹೋಗುತ್ತದೆ. ಭಾರತ, ಬರ್ಮಾ ಗಡಿ ಒಪ್ಪಂದ ಮಾಡಿಕೊಂಡದ್ದು 1967ರಲ್ಲಿ. ಊರು ಅದಕ್ಕಿಂತ ಎಷ್ಟೋ ಹಳೆಯದು.

ಹೋಗುವವರು ಐಎಲ್‌ಪಿ, ಅಂದರೆ ಹೊರ ರಾಜ್ಯದವರು ಒಳಗೆ ಬರಲು ಬೇಕಾದ ಇನ್ನರ್ ಲೈನ್ ಪರ್ಮಿಟ್, ಮಾಡಿಸಿಕೊಳ್ಳಿ. ಅದು ಬೇಕಿರುವುದು ನಾಗಾಲ್ಯಾಂಡಿಗೆ, ಮ್ಯಾನ್ಮಾರ್‌ಗಲ್ಲ.